ಉದುರದ ಎಲೆಯ ಶರದೃತು

ಸೆಪ್ಟೆಂಬರ್ ಮೂರನೇ ವಾರ ಬಂತೆಂದರೆ ಫೋನಿನಲ್ಲಿ ಒಂದೇ ಥರದ ವಿಡಿಯೋಗಳು ಶುರುವಾಗುತ್ತವೆ. ನೀವೂ ನೋಡಿರ್ತೀರಿ. ಮೊದಲ ಎರಡು ಸೆಕೆಂಡು ಖಾಲಿ ಬಾಲ್ಕನಿ, ಮಾಸಿದ ಟೈಲ್ಸು, ಮೂಲೆಯಲ್ಲೊಂದು ಬಕೆಟ್ಟು. ಆಮೇಲೆ ಚಿಟಿಕೆ ಹೊಡೆದ ಸದ್ದು. ತಕ್ಷಣ ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಗ್ರಿಲ್‌ಗೆ ಕಿತ್ತಳೆ-ಕೆಂಪು ಮೇಪಲ್ ಎಲೆಗಳ ಹಾರ, ಬೆತ್ತದ ಕುರ್ಚಿಯ ಮೇಲೆ ಇಟ್ಟಿಗೆ ಬಣ್ಣದ ಹೊದಿಕೆ, ಪಕ್ಕದಲ್ಲಿ ಥರ್ಮಾಕೋಲಿನ ಪುಟ್ಟ ಕುಂಬಳಕಾಯಿ, ಮೇಲೆ ಹಳದಿ ಸೀರಿಯಲ್ ಲೈಟು. ಶೀರ್ಷಿಕೆ: ಫಾಲ್ ಬಾಲ್ಕನಿ ಮೇಕ್‌ಓವರ್. ಊರು ನೋಡಿದರೆ ನಮ್ಮದೇ, ಬೆಂಗಳೂರು.

ಇಂಥ ವಿಡಿಯೋಗಳಿಗೆ ಬರುವ ಮೊದಲ ಟೀಕೆಯೂ ಪ್ರತಿ ವರ್ಷ ಒಂದೇ: 'ಇದೆಲ್ಲ ಫಾರಿನ್ ಹುಚ್ಚು, ನಮ್ಮ ಸಂಸ್ಕೃತಿ ಎಲ್ಲಿ ಹೋಯ್ತು?' ಈ ಟೀಕೆ ನನಗೆ ಒಪ್ಪಿಗೆಯಾಗಲ್ಲ. ದಸರಾಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವು ಮೂಲತಃ ಮೆಕ್ಸಿಕೋ ಕಡೆಯದು. ಹುಳಿಗೆ ಹಾಕುವ ಸಿಹಿಗುಂಬಳವೂ ಅಮೆರಿಕ ಖಂಡದಿಂದ ಬಂದದ್ದೇ. ಸೇವಂತಿಗೆ ಚೀನಾದ ಕಡೆಯಿಂದ ಬಂದದ್ದು. ಹೊರಗಿನದು ಅನ್ನೋದೇ ತಪ್ಪಾದರೆ ನಮ್ಮ ಹಬ್ಬದ ಬಾಗಿಲಿನಲ್ಲಿ ಮಾವಿನ ಸೊಪ್ಪು, ಬಾಳೆಕಂದು ಬಿಟ್ಟು ಹೆಚ್ಚೇನೂ ಉಳಿಯಲ್ಲ.

ಹಾಗಾದರೆ ತಕರಾರು ಏನು? ಅದಕ್ಕೆ ಆ ಅಲಂಕಾರ ಹುಟ್ಟಿದ ಜಾಗಕ್ಕೇ ಹೋಗಿ ನೋಡಬೇಕು.

ಬಾಸ್ಟನ್ ಸುತ್ತಮುತ್ತ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 15 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 9 ಗಂಟೆ. ಆರು ತಿಂಗಳಲ್ಲಿ ಆರು ಗಂಟೆ ಬೆಳಕು ಕೈತಪ್ಪಿ ಹೋಗುತ್ತೆ. ಹಗಲು ಕುಗ್ಗಿ ಚಳಿ ಏರಿದಂತೆ ಮರಗಳು ಎಲೆಯ ಹಸಿರನ್ನು ಒಡೆದು ವಾಪಸ್ ಎಳೆದುಕೊಳ್ಳುತ್ತವೆ. ಅಷ್ಟು ದಿನ ಹಸಿರಿನ ಅಡಿ ಮುಚ್ಚಿಹೋಗಿದ್ದ ಹಳದಿ, ಕಿತ್ತಳೆ ಬಣ್ಣ ಹೊರಗೆ ಕಾಣುತ್ತೆ. ಮೇಪಲ್‌ನಂಥ ಮರಗಳಲ್ಲಿ ಆಗ ಹೊಸದಾಗಿ ಕೆಂಪೂ ತಯಾರಾಗುತ್ತೆ. ಅದೇ ವಾರಗಳಲ್ಲಿ ಹೊಲದಲ್ಲಿ ಜೋಳದ ಕಟಾವು, ಕುಂಬಳದ ಕಟಾವು. ಇನ್ನು ಕೆಲವೇ ದಿನದಲ್ಲಿ ಹೊರಗೆ ಕೂರೋದಕ್ಕೇ ಆಗದಂಥ ಚಳಿ. ಹಾಗಾಗಿ ಮನೆ ಮುಂದಿನ ಪೋರ್ಚಿನಲ್ಲಿ ಜೋಳದ ದಂಟಿನ ಕಟ್ಟು, ನಾಲ್ಕು ಕುಂಬಳಕಾಯಿ, ಎರಡು ಕುಂಡ ಸೇವಂತಿಗೆ. ಹತ್ತಿರದ ಹೊಲ ಆ ವಾರ ಏನು ಕೊಟ್ಟಿತೋ ಅದನ್ನು ತಂದು ಮೆಟ್ಟಿಲ ಮೇಲೆ ಇಟ್ಟು, ಚಳಿಗೆ ಮುಂಚೆ ನಾಲ್ಕು ದಿನ ಹೊರಗೆ ಕೂತು ಒಳಗೆ ಹೋಗೋದು. ಈಗ ಅಲ್ಲೂ ಇದು ದೊಡ್ಡ ವ್ಯಾಪಾರ, ಅಲ್ಲೂ ಪ್ಲಾಸ್ಟಿಕ್ ಎಲೆ ಧಾರಾಳ. ಆದರೆ ಅಭ್ಯಾಸದ ಹಿಂದೆ ಒಂದು ತರ್ಕ ಇದೆ.

ಕಣ್ಣು-ಬಾಯಿ ಕೊರೆದು ಒಳಗೆ ದೀಪ ಇಡುವ ಆ ಕುಂಬಳಕಾಯಿ ಕೂಡ ವಲಸೆ ಬಂದ ಪದ್ಧತಿ. ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಮಾಡುತ್ತಿದ್ದರು. ವಲಸೆ ಹೋದ ಮೇಲೆ ಅಮೆರಿಕದಲ್ಲಿ ಗೆಡ್ಡೆಗಿಂತ ದೊಡ್ಡದಾದ, ಕೊರೆಯೋಕೆ ಸುಲಭವಾದ ಕುಂಬಳ ಸಿಕ್ಕಿತು, ಅದಕ್ಕೇ ಬದಲಾಯಿಸಿಕೊಂಡರು. ಅವರು ಉಳಿಸಿಕೊಂಡದ್ದು ಅಭ್ಯಾಸ, ಬದಲಾಯಿಸಿದ್ದು ವಸ್ತು. ನಮ್ಮ ಮೇಕ್‌ಓವರ್ ವಿಡಿಯೋ ಮಾಡೋದು ಇದರ ಉಲ್ಟಾ. ವಸ್ತುವಿನ ಬಣ್ಣ, ಆಕಾರವನ್ನು ಚಾಚೂ ತಪ್ಪದೆ ತರಿಸಿಕೊಳ್ಳುತ್ತೆ, ಸುತ್ತ ಏನು ನಡೀತಿದೆ ಅಂತ ನೋಡೋ ಅಭ್ಯಾಸವನ್ನ ಅಲ್ಲೇ ಬಿಟ್ಟು ಬರುತ್ತೆ.

ಸುತ್ತ ಏನು ನಡೀತಿದೆ? ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಒಣ ಎಲೆಯ ಕಾಲವೇ ಅಲ್ಲ, ವರ್ಷದ ಜೋರು ಮಳೆಯ ತಿಂಗಳುಗಳು. ಎಲೆ ಉದುರೋದು ಚಳಿಗಾಲದ ಕೊನೆಗೆ. ಕೆಂಪೆಲೆ ನೋಡಬೇಕು ಅಂದರೆ ಆಗ ರಸ್ತೆ ಬದಿಯ ಕಾಡುಬಾದಾಮಿ ಮರ ನೋಡಿ, ಮೇಪಲ್‌ಗೆ ಏನೂ ಕಮ್ಮಿ ಇರಲ್ಲ. ಆಶ್ವಯುಜ, ಕಾರ್ತಿಕದ ನಮ್ಮ ಶರದೃತುವಿನಲ್ಲಿ ಇರೋದು ಬೇರೆ: ಮಳೆ ತೊಳೆದ ಮೇಲಿನ ಚುರುಕು ಬಿಸಿಲು, ರಾತ್ರಿ ಆಕಾಶಮಲ್ಲಿಗೆಯ ವಾಸನೆ, ಬೆಳಗ್ಗೆ ಕಾಂಪೌಂಡಿನ ಕೆಳಗೆ ಚೆಲ್ಲಿದ ಪಾರಿಜಾತ.

ಈ ವಿಡಿಯೋಗಳನ್ನು ಒಂದು ಪ್ರಕಾರವಾಗಿ ನೋಡಿದರೆ ಅವು ಏನನ್ನು ತೋರಿಸಲ್ಲ ಅನ್ನೋದೇ ಹೆಚ್ಚು ಹೇಳುತ್ತೆ. ಪಾರಿವಾಳದ ಬಲೆ ಇರಲ್ಲ. ಎಸಿಯ ಹೊರಗಿನ ಡಬ್ಬ ಇರಲ್ಲ. ಬಟ್ಟೆ ಒಣಹಾಕೋ ಸ್ಟ್ಯಾಂಡು ಇರಲೇ ಇರಲ್ಲ; ಅದು ಬೆಡ್‌ರೂಮಿಗೆ ಹೋಗಿರುತ್ತೆ, ಮನೆಯಲ್ಲಿ ಬಟ್ಟೆ ಒಣಹಾಕೋರು ಯಾರೋ ಅವರ ತಲೆನೋವಾಗಿ. ಮುಖ್ಯವಾಗಿ, ಮಳೆ ಇರಲ್ಲ. ಸಂಜೆ ಐದಕ್ಕೆ ಮೋಡ ಕಟ್ಟಿ ಗಾಳಿ ಜೊತೆ ಎರಚಲು ಹೊಡೆದರೆ ಆ ಹೊದಿಕೆಯ ಗತಿ ಏನು? ಎರಡು ದಿನಕ್ಕೆ ಮುಗ್ಗಲು ವಾಸನೆ, ವಾರಕ್ಕೆ ಬೂಷ್ಟು. ಪ್ಲಾಸ್ಟಿಕ್ ಹುಲ್ಲಿನ ಅಡಿ ನೀರು ನಿಂತು, ಮೂಲೆಯ ಜಾಲರಿಗೆ ಮಣ್ಣು ಕಟ್ಟಿ, ಕೊನೆಗೆ ಎಲ್ಲಾ ಎತ್ತಿ ಒಳಗೆ ತಂದು ಹಾಲ್‌ನಲ್ಲಿ ಹರಡೋದು. ವಿಡಿಯೋದ ಕಪ್ಪಿನಲ್ಲಿ ಕಾಫಿ ಯಾವಾಗಲೂ ತುಂಬೇ ಇರುತ್ತೆ ಗಮನಿಸಿದ್ದೀರಾ? ಅಲ್ಲಿ ಕೂತು ಯಾರೂ ಕುಡಿದು ಮುಗಿಸಿರಲ್ಲ.

ಇದು ಬರೀ ಅಭಿರುಚಿಯ ಜಗಳ ಆಗಿದ್ದರೆ ಇಷ್ಟು ಉದ್ದ ಬರೆಯೋ ಅಗತ್ಯ ಇರಲಿಲ್ಲ. ನಮ್ಮಲ್ಲಿ ಅನೇಕರಿಗೆ ಈ ನಾಲ್ಕಡಿ ಅಗಲದ ಬಾಲ್ಕನಿಯೇ ಮನೆಯ ಹೊರಗು. ಜಗಲಿ ಇಲ್ಲ, ಹಿತ್ತಲಿಲ್ಲ, ಟೆರೇಸಿಗೆ ಓನರ್ ಬೀಗ ಹಾಕಿರ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟು, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ದಿನವಿಡೀ ಸ್ಕ್ರೀನ್ ನೋಡಿದವರಿಗೆ ಸಂಜೆ ಒಂದು ಮೂಲೆಯಾದರೂ ನಮ್ಮದು ಅನಿಸಬೇಕು, ಕಾಲ ಓಡುತ್ತಿರೋದು ಕಣ್ಣಿಗೆ ಕಾಣಬೇಕು ಅನ್ನೋ ಆಸೆ ಇದೆಯಲ್ಲ, ಅದು ನಿಜವಾದ ಆಸೆ. ಆ ಆಸೆಗೆ ವಿಡಿಯೋ ಕೊಡೋ ಉತ್ತರ ಒಂದು ಶಾಪಿಂಗ್ ಲಿಸ್ಟು. ಅದರಲ್ಲಿ ಬರುವ ಎಲೆ ಉದುರಲ್ಲ, ಹಾಗಾಗಿ ಋತುವೂ ಮುಗಿಯಲ್ಲ. ಜನವರಿಯಲ್ಲೂ ಅದೇ ಕಿತ್ತಳೆ ಹಾರ, ಮೇಲೆ ಒಂದು ಪದರ ಧೂಳು. ಇರೋ ಒಂದೇ ಕಿಟಕಿಯನ್ನು ಬೇರೆ ಊರಿನ ಚಿತ್ರದಿಂದ ಮುಚ್ಚಿದ ಹಾಗೆ.

ಹಾಗಂತ ನಮ್ಮ ಹಬ್ಬದ ಅಲಂಕಾರ ಪವಿತ್ರ, ಪ್ರಶ್ನೆ ಮಾಡಬಾರದು ಅಂತೇನಿಲ್ಲ. ಆಯುಧಪೂಜೆಯ ಸಂಜೆ ರಸ್ತೆ ಮಧ್ಯೆ ಒಡೆದ ಬೂದುಗುಂಬಳದ ಮೇಲೆ ಬೈಕು ಜಾರುತ್ತೆ. ಮಾರನೇ ದಿನ ಬೀದಿ ಮೂಲೆಯಲ್ಲಿ ಬಾಳೆಕಂದಿನ ಗುಡ್ಡೆ, ಅದನ್ನು ಎತ್ತೋ ಕೆಲಸ ಪೌರಕಾರ್ಮಿಕರದ್ದು. ಕೊಳೆಯುತ್ತೆ ಅನ್ನೋ ಒಂದೇ ಕಾರಣಕ್ಕೆ ಅದು ನಿರಪಾಯ ಆಗಲ್ಲ. ಆದರೆ ಆ ಅಲಂಕಾರಕ್ಕೆ ಒಂದು ಕೊನೆ ಇದೆ. ಮಾರು ಲೆಕ್ಕದಲ್ಲಿ ತಂದ ಹೂವು ನಾಲ್ಕು ದಿನಕ್ಕೆ ಬಾಡಿ, ಹಬ್ಬ ಮುಗೀತು ಅಂತ ತಾನೇ ಹೇಳುತ್ತೆ.

ಆದ್ದರಿಂದ ಕಾರ್ಟಿಗೆ ಹಾಕೋ ಮುಂಚೆ ಎರಡೇ ಪ್ರಶ್ನೆ ಕೇಳಿಕೊಳ್ಳಿ ಅಂತೀನಿ. ಮೇಲೆ ಮಳೆ ಬಿದ್ದರೆ ಇದಕ್ಕೆ ಏನಾಗುತ್ತೆ? ಒಂದು ತಿಂಗಳ ನಂತರ ಇದು ಎಲ್ಲಿಗೆ ಹೋಗುತ್ತೆ? ಥರ್ಮಾಕೋಲ್ ಕುಂಬಳ ಎರಡರಲ್ಲೂ ಫೇಲು. ನಿಜವಾದ ಸಿಹಿಗುಂಬಳ ಇಡೀ ಕಾಯಿ ತಂದು ಒಣಗಿದ ಮೂಲೆಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ, ಬಣ್ಣಕ್ಕೂ ಮೋಸವಿಲ್ಲ, ಸಾಕೆನಿಸಿದ ದಿನ ಪಲ್ಯ.

ಇನ್ನು ಸೇವಂತಿಗೆ. ಮೊಗ್ಗು ಬಿಟ್ಟಿರೋ ಎರಡು ಗಿಡ ನರ್ಸರಿಯಿಂದ ತನ್ನಿ. ಈ ಗಿಡಕ್ಕೆ ಹೂ ಬಿಡಲು ಬೇಕಾದ್ದು ಉದ್ದನೆಯ ಕತ್ತಲು. ಹಾಗಾಗಿಯೇ ಚಿಕ್ಕಬಳ್ಳಾಪುರದ ಕಡೆ ಬೆಳೆಗಾರರು ಹೂವನ್ನು ಬೇಕಾದ ಸಮಯಕ್ಕೆ ತಳ್ಳಲು ರಾತ್ರಿ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಸುತ್ತಾರೆ. ನಮಗೆ ಗೊತ್ತೇ ಆಗದ ಆ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಅದು ಲೆಕ್ಕ ಇಟ್ಟಿರುತ್ತೆ. ಅದರ ತಲೆ ಮೇಲೆ ರಾತ್ರಿಯಿಡೀ ಜೋರು ಲೈಟು ಉರಿಸಬೇಡಿ.

ಬಟ್ಟೆ ಸ್ಟ್ಯಾಂಡು ವಾಪಸ್ ಬರಲಿ. ಮಡಚೋ ಕುರ್ಚಿ ಒಂದಿರಲಿ, ಎರಚಲು ಬಂದರೆ ಒಳಗೆ ಎಳೆದುಕೊಳ್ಳೋಕೆ ಆಗುವಂಥದ್ದು. ಫೋಟೋದಲ್ಲಿ ಅದು ಅಷ್ಟೇನೂ ಚೆನ್ನಾಗಿ ಬರಲ್ಲ. ಆದರೆ ಮಳೆ ನಿಂತ ಮೇಲೆ ಮತ್ತೆ ಹೊರಗೆ ಹಾಕಿ ಕೂರಬಹುದು.