ಬೇದಾಣೆ ಶೆಡ್ಡಿನಲ್ಲಿ ಶೂಹಾರ್ಟರ ಗೆರೆಗಳು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಬರ ಎಲ್ಲರಿಗೂ ಗೊತ್ತು. ಅಲ್ಲಿನ ಸೋನ್ಯಾಳದ ಸೀಮೆಯ ಅದೇ ಒಣ ಹವೆ ಬೇದಾಣೆಗೆ, ಅಂದರೆ ಒಣದ್ರಾಕ್ಷಿಗೆ, ಹೇಳಿ ಮಾಡಿಸಿದ್ದು. ಕಿತ್ತ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಅಂತಸ್ತುಗಳ ಮೇಲೆ ಹರವುತ್ತಾರೆ. ಎರಡು ವಾರದ ಆಸುಪಾಸಿನಲ್ಲಿ ಮಾಲು ಸಿದ್ಧ. ತೇವ ಶೇ. 15 ಮೀರಿದರೆ ಬೂಷ್ಟು, ತೀರಾ ಇಳಿದರೆ ತೂಕಕ್ಕೆ ನಷ್ಟ. ಹದ ನೋಡುವುದು ಹೆಚ್ಚಾಗಿ ಕೈಬೆರಳೇ. ಪ್ರತಿ ಸಲದ ಮಾಲೂ ಒಂದೇ ಹದಕ್ಕೆ ಬರುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಲೆಂದೇ ಹುಟ್ಟಿದ್ದು ನಿಯಂತ್ರಣ ನಕ್ಷೆ, ಅಂದರೆ ಕಂಟ್ರೋಲ್ ಚಾರ್ಟ್. ಅದನ್ನು ಈ ಶೆಡ್ಡಿಗೆ ತಂದರೆ ಎಷ್ಟು ನಿಂತೀತು?

1924ರಲ್ಲಿ ವಾಲ್ಟರ್ ಶೂಹಾರ್ಟ್ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಈ ನಕ್ಷೆಯನ್ನು ಒಂದು ಸಣ್ಣ ಟಿಪ್ಪಣಿಯಲ್ಲಿ ಬರೆದು ಕೊಟ್ಟರು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಭಾರತಕ್ಕೂ ಬಂದು ಹೋದರು. ಮುಂದಿನ ದಶಕದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕಗಳು ಬೆಂಗಳೂರೂ ಸೇರಿದಂತೆ ಕೈಗಾರಿಕೆಯ ಊರುಗಳಲ್ಲಿ ತಲೆ ಎತ್ತಿದವು. ವಿದ್ಯೆ ಬಂದದ್ದು ಯಂತ್ರದ ಬಿಡಿಭಾಗಗಳಿಗಾಗಿ. ಹೊಲದ ಮಾಲಿನ ಕಡೆ ಅದು ತಿರುಗಿ ನೋಡಿದ್ದು ಕಡಿಮೆ.

ಪಾಠಪುಸ್ತಕದ ವಿಧಾನ ಸರಳ. ಐದೈದು ಮಾದರಿಗಳ ಗುಂಪು ತೆಗೆ, ಸರಾಸರಿ ಬರೆ, ಗುಂಪಿನೊಳಗಿನ ಗರಿಷ್ಠ-ಕನಿಷ್ಠದ ಅಂತರ ಬರೆ. ಇಂಥ ಇಪ್ಪತ್ತು ಇಪ್ಪತ್ತೈದು ಗುಂಪುಗಳಾದ ಮೇಲೆ ಸರಾಸರಿ ಅಂತರವನ್ನು 0.577ರಿಂದ ಗುಣಿಸಿ, ಸರಾಸರಿಗಳ ಸರಾಸರಿಯಾದ ಮಧ್ಯದ ಗೆರೆಯಿಂದ ಅಷ್ಟು ದೂರದಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆ. ಪ್ರತಿ ಗುಂಪಿನ ಸರಾಸರಿ ಒಂದು ಚುಕ್ಕೆ; ಅದು ಗೆರೆ ದಾಟಿದರೆ ಎಚ್ಚರಿಕೆ. ಆ 0.577 ಕೋಷ್ಟಕದಲ್ಲಿ ಸಿಗುತ್ತದೆ. ಯಾವ ಐದನ್ನು ಆರಿಸಬೇಕು ಎಂಬುದು ಯಾವ ಕೋಷ್ಟಕದಲ್ಲೂ ಇಲ್ಲ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಶೆಡ್ಡಿನಲ್ಲಿ ಮೇಲಿನ ಅಂತಸ್ತಿಗೆ ತಗಡಿನ ಕಾವು, ಕೆಳಗಿನದಕ್ಕೆ ನೆಲದ ತಂಪು. ಪ್ರತಿ ಅಂತಸ್ತಿನಿಂದ ಒಂದೊಂದು ಹಿಡಿ ತೆಗೆದರೆ ನ್ಯಾಯವಾಗಿಯೇ ಕಾಣುತ್ತದೆ. ತೇವ 12, 13, 14, 15, 16 ಬಂತೆಂದು ಇಟ್ಟುಕೊಳ್ಳಿ. ಅಂತರ 4. ಪ್ರತಿ ಸಲವೂ ಹೀಗೇ ಬಂದರೆ ಗೆರೆಗಳು 14ರಿಂದ ಆಚೀಚೆ 2.3 ದೂರದಲ್ಲಿ, ಅಂದರೆ 11.7 ಮತ್ತು 16.3ರಲ್ಲಿ ಬೀಳುತ್ತವೆ. ಇಡೀ ಮಾಲಿನ ಸರಾಸರಿ 16ಕ್ಕೆ ಏರಿ, ಬೂಷ್ಟು ಹಿಡಿಯುವ ಹಂತಕ್ಕೆ ಬಂದರೂ ನಕ್ಷೆ ತಣ್ಣಗೆ ಕೂತಿರುತ್ತದೆ. ಅದೇ ಐದು ಹಿಡಿಗಳನ್ನು ಒಂದೇ ಅಂತಸ್ತಿನಿಂದ ತೆಗೆದು, ಅಂತರ 1 ಬಂದರೆ ಗೆರೆಗಳು ಮಧ್ಯದಿಂದ 0.6ರಷ್ಟೇ ದೂರ. ಲೆಕ್ಕ ಒಂದೇ, ಶೆಡ್ಡೂ ಒಂದೇ. ಒಂದು ನಕ್ಷೆ ಕುರುಡು, ಇನ್ನೊಂದಕ್ಕೆ ಕಣ್ಣಿದೆ. ಚುಕ್ಕೆಗಳು ಮಧ್ಯದ ಗೆರೆಗೆ ಅಂಟಿಕೊಂಡು ಕೂತಾಗ ‘ನಮ್ಮ ಕೆಲಸ ಭಾರೀ ಸ್ಥಿರ’ ಎಂದು ಬೀಗುವವರು ಮೊದಲು ತಮ್ಮ ಮಾದರಿಯ ಬುಟ್ಟಿ ನೋಡಿಕೊಳ್ಳಬೇಕು. ಶೂಹಾರ್ಟರು ಇದನ್ನು ಚೆನ್ನಾಗಿ ಅರಿತಿದ್ದರು; ವಿವೇಕದಿಂದ ಗುಂಪು ಮಾಡಿ ಎಂದು ಒತ್ತಿ ಹೇಳಿದವರೇ ಅವರು. ನಮ್ಮ ಪಾಠಗಳಲ್ಲಿ ಅದು ಒಂದು ವಾಕ್ಯಕ್ಕೆ ಇಳಿದಿದೆ, ಸೂತ್ರಗಳು ಪುಟಗಟ್ಟಲೆ ಹಬ್ಬಿವೆ.

ಹೀಗೆ ಎಳೆಯುವ ಮೂರು ಸಿಗ್ಮಾ ಗೆರೆಯ, ಅಂದರೆ ಪ್ರಮಾಣಿತ ವಿಚಲನೆಯ ಮೂರು ಪಟ್ಟು ದೂರದ ಗೆರೆಯ, ಬಗ್ಗೆ ನನಗೆ ದೂರಿಲ್ಲ. ಎಲ್ಲ ಸರಿಯಿದ್ದಾಗ ಸರಾಸರಿ 370 ಚುಕ್ಕೆಗಳಿಗೊಮ್ಮೆ ಸುಳ್ಳು ಎಚ್ಚರಿಕೆ, ಅಷ್ಟು ಸಹಿಸಬಹುದು. ಸಾಲದೆಂದು ‘ಸತತ ಎಂಟು ಒಂದೇ ಕಡೆ’, ‘ಮೂರರಲ್ಲಿ ಎರಡು ಚುಕ್ಕೆ ಎರಡು ಸಿಗ್ಮಾ ದಾಟಿದರೆ’ ಮುಂತಾದ ವೆಸ್ಟರ್ನ್ ಎಲೆಕ್ಟ್ರಿಕ್ ನಿಯಮಗಳನ್ನೆಲ್ಲ ಹೇರಿದರೆ ಆ 370 ಸುಮಾರು 92ಕ್ಕೆ ಇಳಿಯುತ್ತದೆ. ತರಗೆಲೆ ಅಲ್ಲಾಡಿದರೂ ಬೊಗಳುವ ನಾಯಿಯ ಮಾತನ್ನು ಯಾರೂ ಕೇಳುವುದಿಲ್ಲ. ನಿಧಾನವಾದ ಸಣ್ಣ ಬದಲಾವಣೆ ಹಿಡಿಯಬೇಕಿದ್ದರೆ 1954ರಲ್ಲಿ ಪೇಜ್ ಎಂಬ ಸಂಖ್ಯಾಶಾಸ್ತ್ರಜ್ಞ ಕೊಟ್ಟ ಕ್ಯೂಸಮ್, ಅಂದರೆ ಸಂಚಿತ ಮೊತ್ತದ ನಕ್ಷೆ, ಮೇಲು. ಅದ್ದುವ ತೊಟ್ಟಿಯ ದ್ರಾವಣ ಗೊನೆಗೊನೆಗೂ ಸತ್ವ ಕಳೆದುಕೊಳ್ಳುವುದು ಇಂಥದ್ದೇ ಬದಲಾವಣೆ. ಡಂಕನ್ ಎಂಬವರು 1956ರಲ್ಲಿ ಮುಂದಿಟ್ಟ ಆರ್ಥಿಕ ವಿನ್ಯಾಸ, ಅಂದರೆ ಖರ್ಚು-ಗಳಿಕೆ ತೂಗಿ ನಕ್ಷೆಯ ಗೆರೆ, ಗುಂಪುಗಳನ್ನು ಆರಿಸುವ ಲೆಕ್ಕ, ಗಣಿತವಾಗಿ ಸೊಗಸು. ಆದರೆ ಸುಳ್ಳು ಎಚ್ಚರಿಕೆಗೆ ಎಷ್ಟು ರೂಪಾಯಿ, ತಡವಾಗಿ ತಿಳಿದದ್ದಕ್ಕೆ ಎಷ್ಟು ಎಂದು ಅದು ಕೇಳುವ ಲೆಕ್ಕ ಯಾವ ರೈತನ ವಹಿಯಲ್ಲಿದೆ?

ಇನ್ನೊಂದು ಕೆಟ್ಟ ಚಾಳಿ: ಶೇ. 15ರ ಮಿತಿಯನ್ನೇ ನಕ್ಷೆಯ ಮೇಲಿನ ಗೆರೆಯಾಗಿ ಎಳೆಯುವುದು. ಅದು ಬೂಷ್ಟಿನ ಭಯಕ್ಕೆ ಕೊಳ್ಳುವವನು ಹಾಕಿದ ಷರತ್ತು. ಶೆಡ್ಡಿನ ಸಹಜ ಏರಿಳಿತಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಾಲದ ತೊಡಕಂತೂ ಇದ್ದೇ ಇದೆ. ಹಂಗಾಮು ಇರುವುದು ಬೇಸಿಗೆಯ ಕೆಲವು ತಿಂಗಳು. ಒಂದು ಶೆಡ್ಡಿನಲ್ಲಿ ಎರಡು ವಾರಕ್ಕೊಂದು ಮಾಲು ಇಳಿದರೆ ಇಪ್ಪತ್ತೈದು ಗುಂಪು ಕೂಡುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಅಷ್ಟರಲ್ಲಿ ಜಾಳಿಗೆ, ಕೂಲಿಗಳು, ಹವೆ ಎಲ್ಲ ಬದಲು. ಹಾಗಾಗಿ ತೇವದ ನಕ್ಷೆಯಿಂದ ಆರಂಭಿಸುವುದು ಇಲ್ಲಿ ತಪ್ಪು ವಿನ್ಯಾಸ ಎಂದೇ ನನ್ನ ತೀರ್ಮಾನ. ಬೇದಾಣೆ ತುಂಬುವ 15 ಕಿಲೋ ಬಾಕ್ಸಿನ ತೂಕದಿಂದ ಶುರು ಮಾಡಿ. ಬಾಕ್ಸ್ ತುಂಬುವ ಕೆಲಸ ದಿನವಿಡೀ ನಡೆಯುತ್ತದೆ, ತಕ್ಕಡಿ ಎದುರಿಗೇ ಇರುತ್ತದೆ, ಗುಂಪುಗಳು ಬೇಗ ಕೂಡುತ್ತವೆ. ಒಬ್ಬನೇ ತುಂಬಿದ, ಒಂದರ ಹಿಂದೊಂದು ಬಂದ ಐದು ಬಾಕ್ಸುಗಳನ್ನೇ ಒಂದು ಗುಂಪಾಗಿ ಬರೆಯಿರಿ. ಬೇರೆಯವರು ತುಂಬಿದ್ದನ್ನು ಅದರಲ್ಲಿ ಬೆರೆಸಬೇಡಿ.