ಕಪ್ಪೆ ಕಂಡಿತು, ಹೊಂಡ ಕಾಣಲಿಲ್ಲ

ಉತ್ತರ ಅಮೆರಿಕದ ಪ್ರೇರಿ ಬಯಲಿನ ಹೊಂಡಗಳಲ್ಲಿ ತೆಗೆದ ಕಪ್ಪೆಗಳ ಛಾಯಾಚಿತ್ರಗಳ ಹಿಂದಿನ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಹೆಬ್ಬೆರಳ ತುದಿಯಷ್ಟಿರುವ ಕೋರಸ್ ಕಪ್ಪೆ ಗಂಟಲಚೀಲ ಉಬ್ಬಿಸಿ ಕೂಗುವ ಗಳಿಗೆಯನ್ನು ಹಿಡಿಯಲು ಹಿಮ ಕರಗಿದ ನೀರಿನಂಚಿನಲ್ಲಿ ಅಲುಗಾಡದೆ ಮಲಗಬೇಕು. ಹೆಜ್ಜೆಯ ಸದ್ದಾದರೆ ಕೂಗು ನಿಂತೇ ಹೋಗುತ್ತದೆ.

ನಮ್ಮ ತಕರಾರಿರುವುದು ಹಿನ್ನೆಲೆಯ ಬಗ್ಗೆ. ಮ್ಯಾಕ್ರೋ ಲೆನ್ಸು ಕಪ್ಪೆಯನ್ನು ರತ್ನದಂತೆ ಹೊಳೆಯಿಸಿ, ಉಳಿದುದನ್ನೆಲ್ಲ ಹಸಿರು ಮಂಜಾಗಿಸುತ್ತದೆ. ಹೊಂಡದ ಅಂಚಿಗೇ ಬಂದು ನಿಂತ ಮೆಕ್ಕೆಜೋಳದ ಹೊಲ ಆ ಮಂಜಿನಲ್ಲಿ ಮರೆಯಾಗುತ್ತದೆ. ನೀರು ಬಸಿಯಲು ನೆಲದಡಿ ಹೂತ ಕೊಳವೆಯಂತೂ ಯಾವ ಲೆನ್ಸಿಗೂ ಸಿಗದು. ಅಯೋವಾ ರಾಜ್ಯ ತನ್ನ ಜೌಗುಗಳಲ್ಲಿ ಸುಮಾರು ಶೇ. 90ನ್ನು ಕಳೆದುಕೊಂಡದ್ದು ಮುಖ್ಯವಾಗಿ ಹೀಗೆಯೇ. ಕಪ್ಪೆಯ ಮನೆಯನ್ನೇ ತೋರಿಸದ ಚಿತ್ರ ವನ್ಯಜೀವಿ ಚಿತ್ರವೋ, ಆಭರಣದಂಗಡಿಯ ಕ್ಯಾಟಲಾಗೋ? ನಾಲ್ಕು ಹೆಜ್ಜೆ ಹಿಂದೆ ಸರಿದು ಇನ್ನೊಂದು ಚಿತ್ರ ತೆಗೆಯಬಹುದಿತ್ತು. ಅದರಲ್ಲಿ ಕಪ್ಪೆ ಚುಕ್ಕೆಯಾಗುತ್ತಿತ್ತು, ನಿಜ. ಟ್ರಾಕ್ಟರಿನ ಗಾಲಿಯ ಗುರುತು ಕಾಣುತ್ತಿತ್ತು.