ಕಲ್ಲನ್ನು ಕಲ್ಲಾಗಿ ಮಾರಬೇಡಿ

'ಮೆಡೀವಲ್ ಡೈನಾಸ್ಟಿ' ಆಡಲು ಕೂತವರಿಗೆಲ್ಲ ಮೊದಲ ಗಂಟೆಯಲ್ಲೇ ಹುಟ್ಟುವ ಪ್ರಶ್ನೆ ಒಂದೇ: ದುಡ್ಡು ಎಲ್ಲಿಂದ ತರುವುದು? ಪೋಲೆಂಡಿನ ರೆಂಡರ್ ಕ್ಯೂಬ್ ಸಂಸ್ಥೆ ಮಾಡಿದ ಆಟ ಇದು. 2020ರ ಸೆಪ್ಟೆಂಬರಿನಲ್ಲಿ ಅರೆಬೆಂದ ರೂಪದಲ್ಲಿ ಬಂದು, ಒಂದು ವರ್ಷ ಕಳೆದು 2021ರ ಸೆಪ್ಟೆಂಬರಿನಲ್ಲಿ ಪೂರ್ತಿ ಹೊರಬಂತು. ಯುದ್ಧದಲ್ಲಿ ಊರು ಕಳೆದುಕೊಂಡ ರಾಸಿಮಿರ್ ಎಂಬ ಹುಡುಗ ಚಿಕ್ಕಪ್ಪನನ್ನು ಹುಡುಕಿಕೊಂಡು ಒಂದು ಕಣಿವೆಗೆ ಬರುತ್ತಾನೆ. ಚಿಕ್ಕಪ್ಪ ಅಷ್ಟರಲ್ಲೇ ತೀರಿಹೋಗಿದ್ದಾನೆ. ಗೊಸ್ಟೋವಿಯಾ ಎಂಬ ಊರಿನ ಅಧಿಕಾರಿ ಯೂನಿಗೊಸ್ಟ್, ಇಲ್ಲೇ ಎಲ್ಲಾದರೂ ಮನೆ ಕಟ್ಟಿಕೋ ಎಂದು ಅಪ್ಪಣೆ ಕೊಡುತ್ತಾನೆ. ಅಲ್ಲಿಂದ ಮುಂದಿನದೆಲ್ಲ ನಿಮ್ಮ ಕೈಯಲ್ಲಿ. ಮರ ಕಡಿದು ಮನೆ, ಮನೆಯಿಂದ ಹೊಲ, ಹೊಲದಿಂದ ಊರು, ಊರಿನಿಂದ ವಂಶ.

ಮರ, ಹುಲ್ಲು, ಹಣ್ಣು, ಬೇಟೆ ಎಲ್ಲ ಕಾಡಿನಲ್ಲಿ ಪುಕ್ಕಟೆ ಸಿಗುತ್ತವೆ. ನಾಣ್ಯ ಮಾತ್ರ ಸಿಗುವುದಿಲ್ಲ. ಬೀಜ, ದನ, ಹೊಸ ಉಪಕರಣ ಮಾಡುವ ವಿದ್ಯೆ, ವರ್ಷಕ್ಕೊಮ್ಮೆ ಕಟ್ಟುವ ಕಂದಾಯ, ಎಲ್ಲಕ್ಕೂ ನಾಣ್ಯವೇ ಬೇಕು. ಹೊಸಬರು ಸಾಮಾನ್ಯವಾಗಿ ದಿಮ್ಮಿ ಕಡಿದು ಮಾರಲು ಹೋಗುತ್ತಾರೆ, ಇಲ್ಲವೇ ಕೈಗೆ ಸಿಕ್ಕ ಹಣ್ಣು ಅಣಬೆ ಹೊತ್ತು ಅಂಗಡಿಗೆ ನಡೆಯುತ್ತಾರೆ. ದಿಮ್ಮಿ ಭಾರ, ಹಣ್ಣಿಗೆ ಬೆಲೆಯಿಲ್ಲ. ಬಲ್ಲವರು ಹೊಳೆದಂಡೆಗೆ ಹೋಗಿ ಕಲ್ಲು ಆರಿಸುತ್ತಾರೆ, ದಾರಿಯಲ್ಲಿ ಕಡ್ಡಿ ಹೆಕ್ಕುತ್ತಾರೆ, ಎರಡನ್ನೂ ಸೇರಿಸಿ ಕಲ್ಲಿನ ಚೂರಿ ಮಾಡುತ್ತಾರೆ. ಇದಕ್ಕೆ ಕಾರ್ಯಾಗಾರವೂ ಬೇಡ, ಕಲಿಕೆಯೂ ಬೇಡ. ನಿಂತ ನೆಲದಲ್ಲೇ ಮಾಡಬಹುದು. ಹೊಳೆದಂಡೆಯ ಕಲ್ಲಿಗೆ ಬೆಲೆ ಅಷ್ಟಕ್ಕಷ್ಟೇ. ಅದೇ ಕಲ್ಲು ಚೂರಿಯಾದರೆ ಅಂಗಡಿಯವನು ನಾಣ್ಯ ಎಣಿಸಿ ಕೊಡುತ್ತಾನೆ. ಜೊತೆಗೆ ಒಂದೊಂದು ಚೂರಿಗೂ ನಿಮ್ಮ ತಯಾರಿಕೆಯ ಕೌಶಲ ಏರುತ್ತದೆ. ಈ ಆಟದ ಅರ್ಥಶಾಸ್ತ್ರದ ಮೊದಲ ಪಾಠ ಅಲ್ಲಿಗೆ ಮುಗಿಯಿತು.

ನಮ್ಮ ಕಲಬುರಗಿ ಸೀಮೆಯ ಶಹಾಬಾದಿನವರಿಗೆ ಈ ಪಾಠ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಖಣಿಗಳಲ್ಲಿ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ಮೇಲಿನ ಕರಿಮಣ್ಣು ತೆಗೆದ ಮೇಲೆ ಕೆಲಸಗಾರ ಮೊದಲು ಪದರದ ಸಂದಿ ಎಲ್ಲಿದೆ ಎಂದು ನೋಡುತ್ತಾನೆ. ಅಲ್ಲಿಗೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಾನೆ; ಜೋರಾಗಿ ಅಲ್ಲ, ಒಂದೇ ಹದದಲ್ಲಿ, ಒಂದು ಗೆರೆ ಹಿಡಿದು. ಗೆರೆ ಬಿಟ್ಟಿತೆಂದು ಗೊತ್ತಾಗುವುದು ಕಿವಿಗೆ. ಗಟ್ಟಿಯಾಗಿ ಕೂತ ಕಲ್ಲಿನ ಸದ್ದು ಬೇರೆ, ಬಿಟ್ಟ ಕಲ್ಲಿನ ಸದ್ದು ಬೇರೆ. ಆಮೇಲೆ ಹಾರೆ ಹಾಕಿ ಎಬ್ಬಿಸಿದರೆ ಇಡೀ ಹಾಸುಗಲ್ಲು ಚಪ್ಪಟೆಯಾಗಿ ಮೇಲೆ ಬರುತ್ತದೆ. ಅಂಚು ಕೊಯ್ದು ಚೌಕ ಮಾಡಿದರೆ ಅದು ಫರಸಿ. ಮುಖ ಉಜ್ಜಿ ಹೊಳಪು ಕೊಟ್ಟರೆ ಬೆಲೆ ಇನ್ನೊಂದು ಮೆಟ್ಟಿಲು ಏರುತ್ತದೆ. ಒಡೆದು ಚೂರಾದದ್ದು ಖಣಿಯ ದಂಡೆಯಲ್ಲೇ ಗುಡ್ಡೆ ಬೀಳುತ್ತದೆ. ಇದೇ ಸುಣ್ಣಕಲ್ಲು ವಾಡಿಯಲ್ಲೋ ಸೇಡಂನಲ್ಲೋ ಪುಡಿಯಾಗಿ ಗೂಡು ಹೊಕ್ಕರೆ ಸಿಮೆಂಟಾಗಿ ರೈಲು ಹತ್ತುತ್ತದೆ. ಒಂದೇ ನೆಲದ ಒಂದೇ ಕಲ್ಲು, ಯಾರ ಕೈಯಲ್ಲಿ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಅದರ ಬೆಲೆ.

ಚೂರಿಯ ಕಾಲ ಬೇಗ ಮುಗಿಯುತ್ತದೆ. ಕಾರಣ ಚೂರಿಯಲ್ಲಿಲ್ಲ, ಕೊಳ್ಳುವವನ ಕಿಸೆಯಲ್ಲಿದೆ. ಆಟದ ಪ್ರತಿ ವ್ಯಾಪಾರಿಯ ಬಳಿ ಇರುವುದು ಇಂತಿಷ್ಟೇ ನಾಣ್ಯ. ಅದು ತೀರಿತೆಂದರೆ ಮುಂದಿನ ಋತುವಿನವರೆಗೆ ಅವನಿಂದ ಕಾಸು ಹುಟ್ಟುವುದಿಲ್ಲ. ಹೆಗಲ ತುಂಬ ಚೂರಿ ಹೊತ್ತು ಒಂದೇ ಅಂಗಡಿಯ ಮುಂದೆ ನಿಂತರೆ ಅರ್ಧಕ್ಕೇ ವ್ಯಾಪಾರ ನಿಲ್ಲುತ್ತದೆ. ಆಗ ಎರಡು ದಾರಿ. ಒಂದು, ಊರೂರು ತಿರುಗುವುದು. ಗೊಸ್ಟೋವಿಯಾ ಆದ ಮೇಲೆ ಹೋರ್ನಿಕಾ, ಡೆನಿಕಾ, ಬ್ರಾನಿಕಾ. ಇನ್ನೊಂದು ನನಗೆ ಹೆಚ್ಚು ಇಷ್ಟ: ನಾಣ್ಯ ಕೇಳದೆ ಸಾಮಾನು ಕೇಳುವುದು. ವ್ಯಾಪಾರದ ಪರದೆಯಲ್ಲಿ ನಿಮ್ಮ ಚೂರಿ ಒಂದು ಕಡೆ, ಅವನ ಉಪ್ಪು, ಬೀಜ, ತಾಮ್ರದ ಕೊಡಲಿ ಇನ್ನೊಂದು ಕಡೆ ಇಟ್ಟು ತೂಗಿಸಬಹುದು. ಹೇಗೂ ಆ ಕೊಡಲಿಯನ್ನು ನಾಳೆ ನಾಣ್ಯ ಕೊಟ್ಟು ಕೊಳ್ಳುವವರಿದ್ದಿರಿ. ಇಂದೇ ಚೂರಿಗೆ ಬದಲಾಗಿ ತಂದರೆ ಅವನ ಕಿಸೆ ಬರಿದಾಗಿದೆ ಎಂಬುದು ನಿಮಗೆ ತಟ್ಟುವುದೇ ಇಲ್ಲ.

ಹೊರುವ ಭಾರದ ಮಿತಿಯನ್ನು ತೆಗೆದುಹಾಕುವ ಸವಲತ್ತು ಆಟದ ಹೊಂದಾಣಿಕೆಯಲ್ಲಿದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಏನನ್ನು ಹೊರಬೇಕು, ಏನನ್ನು ಬಿಡಬೇಕು ಎಂಬ ಲೆಕ್ಕವೇ ಇಲ್ಲಿ ವ್ಯಾಪಾರದ ಜೀವ. ಭಾರವಿಲ್ಲದಿದ್ದರೆ ಕತ್ತೆ ಕೊಳ್ಳುವ ಸಂತೋಷ ಎಲ್ಲಿಂದ ಬರಬೇಕು?

ಎರಡನೆಯ ಹಂತಕ್ಕೆ ಬಹಳ ಜನ ಬೇಟೆ ಹಿಡಿಯುತ್ತಾರೆ. ಮಾಂಸ ಸುಟ್ಟು ಮಾರುವುದು, ಚರ್ಮದಿಂದ ಚೀಲ ಹೊಲಿಯುವುದು. ತಪ್ಪಲ್ಲ, ಆದರೆ ಬಿಲ್ಲು ಹಿಡಿದು ಓಡುತ್ತಲೇ ಋತು ಕಳೆದುಹೋಗುತ್ತದೆ. ಹೊಂದಾಣಿಕೆ ಬದಲಿಸದಿದ್ದರೆ ಆಟದ ಒಂದು ಋತುವೆಂದರೆ ಮೂರೇ ದಿನ. ನನ್ನ ಆಯ್ಕೆ ಅಗಸಿ. ಸೇಡಂ ಚಿತ್ತಾಪುರದ ಕಡೆ ಅಗಸಿ ಗೊತ್ತಿಲ್ಲದ ಮನೆಯಿಲ್ಲ. ಹಿಂಗಾರಿಯಲ್ಲಿ ನೀಲಿ ಹೂ ಬಿಟ್ಟ ಸಾಲು, ಆಮೇಲೆ ರೊಟ್ಟಿಯ ಮಗ್ಗುಲಲ್ಲಿ ಅಗಸಿ ಹಿಂಡಿ. ನಮಗೆ ಬೇಕಾದದ್ದು ಅದರ ಬೀಜ. ರಾಸಿಮಿರನ ಊರಿಗೆ ಬೇಕಾದದ್ದು ಅದರ ಕಡ್ಡಿ. ಕಟಾವು ಮಾಡಿ ಕಣಜದಲ್ಲಿ ಬಡಿದರೆ ಕಾಳು ಒಂದು ಕಡೆ, ಕಡ್ಡಿ ಒಂದು ಕಡೆ. ಕಡ್ಡಿಯಿಂದ ನೂಲು, ನೂಲಿನಿಂದ ಬಟ್ಟೆ, ಬಟ್ಟೆಯಿಂದ ಅಂಗಿ. ಒಂದೊಂದು ಹಂತಕ್ಕೂ ಬೆಲೆ ಏರುತ್ತದೆ, ಭಾರ ಮಾತ್ರ ಏರುವುದಿಲ್ಲ. ಮಡಚಿ ಹೊತ್ತ ಅಂಗಿಗಳು ಮೂರು ಊರಿನ ಅಂಗಡಿಗಳನ್ನು ಬರಿದು ಮಾಡುತ್ತವೆ. ಕಾಳು ಮುಂದಿನ ಬಿತ್ತನೆಗೆ ಮನೆಯಲ್ಲೇ ಉಳಿಯುತ್ತದೆ, ಬೀಜಕ್ಕೆ ಮತ್ತೆ ಕಾಸು ಬಿಚ್ಚಬೇಕಿಲ್ಲ.

ಊರಿಗೆ ಜನ ಬಂದ ಮೇಲೆ ಆಟದ ಬಣ್ಣವೇ ಬದಲಾಗುತ್ತದೆ. ನನ್ನನ್ನು ಈ ಆಟದಲ್ಲಿ ಕಟ್ಟಿಹಾಕಿದ್ದು ಇದೇ ಘಟ್ಟ. ಕಮ್ಮಾರ, ಒಕ್ಕಲಿಗ, ಬೇಟೆಗಾರ, ಹೊಲಿಗೆಯವಳು, ಇವರಿಗೆ ಯಾರಿಗೂ ಕೂಲಿ ಇಲ್ಲ. ಮನೆ ಕೊಡಬೇಕು, ಕಾಳು ಕೊಡಬೇಕು, ಸೌದೆ ಕೊಡಬೇಕು, ಅವರ ಮನಸ್ಸು ನೋಯದಂತೆ ನೋಡಿಕೊಳ್ಳಬೇಕು. ನಾಣ್ಯದ ಮಾತೇ ಇಲ್ಲ. ಇದೇನು ಆಟದವರು ಲೆಕ್ಕ ತಪ್ಪಿದರೇ ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಮಧ್ಯಯುಗದ ಹಳ್ಳಿ ಬಹುಮಟ್ಟಿಗೆ ನಡೆದದ್ದೇ ಹಾಗೆ, ಯುರೋಪಿನಲ್ಲೂ ನಮ್ಮಲ್ಲೂ.

ಚಿತ್ತಾಪುರದ ಪಕ್ಕದ ನಾಗಾವಿಗೆ ಹೋಗಿ ನೋಡಿ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರ ಶಾಸನದ ಪ್ರಕಾರ, ಅಲ್ಲೊಂದು ಘಟಿಕಾಸ್ಥಾನವಿತ್ತು. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ಮಂದಿ, ಕಲಿಸುವ ಆಚಾರ್ಯರು, ಗ್ರಂಥ ಕಾಯುವ 6 ಮಂದಿ ಸರಸ್ವತೀ ಭಂಡಾರಿಗರು. ಇಷ್ಟು ಜನರ ಜೀವನ ನಡೆದದ್ದು ತಿಂಗಳ ಸಂಬಳದಿಂದಲ್ಲ. ಇಂತಿಂಥವರಿಗೆ ಇಷ್ಟಿಷ್ಟು ಮತ್ತರು ಭೂಮಿ ಎಂದು ದತ್ತಿ ಬಿಟ್ಟಿದ್ದರು. ಭೂಮಿಯ ಬೆಳೆಯೇ ಸಂಬಳ. ಹಳ್ಳಿಯ ಬಡಿಗ, ಕಮ್ಮಾರ, ಕುಂಬಾರರಿಗೂ ಹಾಗೆಯೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಆಯ ಒಯ್ಯುತ್ತಿದ್ದರು, ವರ್ಷವಿಡೀ ಊರಿನ ಕುಂಟೆ ಕೂರಿಗೆ ರಿಪೇರಿ ಮಾಡುತ್ತಿದ್ದರು. ಗದ್ಯಾಣ, ಪಣ, ಹಾಗ, ವೀಸಗಳ ಮಾತು ಶಾಸನದಲ್ಲಿ ಏಳುವುದು ಹೆಚ್ಚಾಗಿ ಸಿದ್ಧಾಯವೆಂಬ ಕಂದಾಯ ಕಟ್ಟುವಾಗ, ಸುಂಕ ಬಿಡುವಾಗ, ದೇವರ ದೀಪಕ್ಕೆ ಗಾಣದ ಮೇಲೆ ಹಣ ಹಾಕುವಾಗ. ಊರೊಳಗೆ ಕಾಳು ಓಡಾಡುತ್ತಿತ್ತು. ಊರ ಬಾಗಿಲಲ್ಲಿ ನಾಣ್ಯ ಓಡಾಡುತ್ತಿತ್ತು.

ಆಟದಲ್ಲಿ ಹಣ ಗಳಿಸುವ ಗುಟ್ಟೂ ಇದೇ ಎಂದು ನನ್ನ ದೃಢವಾದ ನಂಬಿಕೆ. ನಾಣ್ಯವನ್ನು ಊರೊಳಗೆ ಖರ್ಚು ಮಾಡಬೇಡಿ, ಊರೊಳಗೆ ಬೇಕಾದ್ದನ್ನೆಲ್ಲ ಊರೊಳಗೇ ಬೆಳೆಯಿರಿ. ಕೊಡಲಿ ಮುರಿದರೆ ಕಮ್ಮಾರನ ಮನೆಯಿಂದ ಬರಲಿ. ಗೊಬ್ಬರವನ್ನು ಕೊಂಡು ತರಬೇಡಿ. ಹಟ್ಟಿಯ ಸಗಣಿ, ಕೊಳೆತ ಆಹಾರ ಇದ್ದರೆ ಕಣಜದಲ್ಲೇ ಗೊಬ್ಬರ. ಹಾಗೆ ಮಾಡಿದಾಗ ಹೊರಗೆ ಮಾರಿ ಬಂದ ನಾಣ್ಯ ಹೆಚ್ಚಾಗಿ ಹೊರಗಿನ ಎರಡು ಕೆಲಸಕ್ಕೆ ಹೋಗುತ್ತದೆ: ದನ ತರುವುದಕ್ಕೆ, ಕಂದಾಯ ಕಟ್ಟುವುದಕ್ಕೆ.

ಕಂದಾಯದ ವಿಷಯದಲ್ಲಿ ಎಚ್ಚರ. ವಸಂತ ಬಂದೊಡನೆ ಯೂನಿಗೊಸ್ಟ್ ಲೆಕ್ಕ ತೆಗೆಯುತ್ತಾನೆ. ಕಟ್ಟಡ ಹೆಚ್ಚಿದಷ್ಟೂ, ಉತ್ತ ಹೊಲ ಹೆಚ್ಚಿದಷ್ಟೂ ಮೊತ್ತ ಏರುತ್ತದೆ. ಉತ್ಸಾಹದಲ್ಲಿ ದೊಡ್ಡ ಹೊಲ ಗುರುತು ಹಾಕಿ, ಅರ್ಧ ಬಿತ್ತಿ ಅರ್ಧ ಬೀಳುಬಿಟ್ಟವರು ಬೀಳಿಗೂ ಕಂದಾಯ ಕಟ್ಟುತ್ತಾರೆ. ಕಟ್ಟದೆ ಬಾಕಿ ಬೆಳೆಸಿದರೆ ವಂಶದ ಹೆಸರು ಕೆಡುತ್ತದೆ, ಮಿತಿಮೀರಿದರೆ ಕಣಿವೆಯಿಂದಲೇ ಹೊರಹಾಕುತ್ತಾರೆ. ಶರತ್ಕಾಲದಲ್ಲಿ ಅಂಗಿ ಮಾರಿ ಬಂದದ್ದರಲ್ಲಿ ಕಂದಾಯದ ಪಾಲನ್ನು ಮೊದಲು ತೆಗೆದಿಟ್ಟು ಆಮೇಲೆ ಹಸು ನೋಡಲು ಹೋಗಿ.

ಸೇಡಂನಿಂದ ಮಳಖೇಡ ದೂರವಿಲ್ಲ. ಕಾಗಿಣಾ ದಂಡೆಯ ಆ ಕೋಟೆಯ ಗೋಡೆ ಹತ್ತಿ ನಿಂತಾಗಲೆಲ್ಲ ನನಗೆ ಈ ಆಟ ಬಿಟ್ಟದ್ದು ಏನೆಂದು ಹೊಳೆಯುತ್ತದೆ. ಇದೇ ಅಂದಿನ ಮಾನ್ಯಖೇಟ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಅಲ್ಲಿನ ದೊರೆಯನ್ನು 851ರ ಅರಬ ವರ್ತಕ ಸುಲೇಮಾನನ ಬರಹ ಜಗತ್ತಿನ ನಾಲ್ಕು ದೊಡ್ಡ ಅರಸರ ಸಾಲಿನಲ್ಲಿ ಎಣಿಸುತ್ತದೆ. ಅಂಥ ರಾಜಧಾನಿಯ ಹೊಟ್ಟೆ ತುಂಬಿದ್ದು ಸುತ್ತಲಿನ ಹಳ್ಳಿಗಳಿಂದ. ಆ ಹಳ್ಳಿಗಳಿಗೆ ಬರ ಬರುತ್ತಿತ್ತು. ರಾಸಿಮಿರನ ಕಣಿವೆಯಲ್ಲಿ ಬರವಿಲ್ಲ. ಮಳೆ ಕೈಕೊಡುವುದಿಲ್ಲ, ಬಿತ್ತಿದ್ದು ಹುಟ್ಟಿಯೇ ಹುಟ್ಟುತ್ತದೆ. ಇನ್ನೂ ದೊಡ್ಡ ಕೊರತೆ, ಸುಗ್ಗಿ ಬಂತೆಂದು ದರ ಬೀಳುವುದಿಲ್ಲ. ನಮ್ಮಲ್ಲಿ ತೊಗರಿ ರಾಶಿಯಾಗಿ ಅಡತಿ ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟಿದ ವಾರವೇ ದರ ಇಳಿಯುತ್ತದೆ, ಚೀಲ ರೈತನ ಕೈ ದಾಟಿದ ಮೇಲೆ ಏರುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಬೇಳೆಗೆ ಸಿಕ್ಕಿತು, ಚಿಂಚೋಳಿಯ ರೈತ ಇಂದಿಗೂ ಹೆಚ್ಚಾಗಿ ಮಾರುವುದು ಇಡಿ ಕಾಳು. ಒಡೆದು ಬೇಳೆ ಮಾಡುವ ಗಿರಣಿ ಅವನದಲ್ಲ. ಆಟದಲ್ಲಿ ಹೊಸಬ ಮಾಡುವ ಇದೇ ತಪ್ಪನ್ನು ಮರುದಿನವೇ ತಿದ್ದಿಕೊಳ್ಳಬಹುದು, ಏಕೆಂದರೆ ಕಣಜವೂ ಹೊಲಿಗೆ ಮನೆಯೂ ಅವನದೇ. ರೈತನಿಗೆ ಆ ಕಣಜ ಕಟ್ಟಲು ಬಂಡವಾಳ ಬೇಕು, ದರ ಏರುವ ತನಕ ಕಾಯಲು ಸಾಲ ಕೊಟ್ಟವನು ಬಿಡಬೇಕು. ಸಾಲ ಕೊಡುವವನೊಬ್ಬನನ್ನು ಈ ಕಣಿವೆಯಲ್ಲಿ ಕೂರಿಸಿದ್ದರೆ ಆಟ ಇನ್ನಷ್ಟು ನಿಜವಾಗುತ್ತಿತ್ತು, ಇನ್ನಷ್ಟು ಕಷ್ಟವೂ ಆಗುತ್ತಿತ್ತು. ನಾನಂತೂ ಆಡುತ್ತಿದ್ದೆ.

ಊರು ಬೆಳೆದ ಮೇಲೆ ಸಂತೆ ಮಳಿಗೆ ಕಟ್ಟಿ, ನಿಮ್ಮವರನ್ನೇ ಅಲ್ಲಿ ಕೂರಿಸಿ, ಉಗ್ರಾಣದ ಸಾಮಾನು ಮಾರಿಸಬಹುದು. ಆಗ ಹಣ ತಾನಾಗಿ ಬರುತ್ತದೆ, ಪೆಟ್ಟಿಗೆ ತುಂಬುತ್ತದೆ, ಬಹಳ ಜನ ಅಲ್ಲಿಗೆ ಆಟ ಗೆದ್ದೆವೆಂದು ಬಿಡುತ್ತಾರೆ. ತುಂಬಿದ ಪೆಟ್ಟಿಗೆಗೆ ಅಲ್ಲಿ ಮಾಡಲು ಕೆಲಸವಿಲ್ಲ ಎಂಬುದು ನಿಜವೇ. ಅಲ್ಲಿಯವರೆಗಿನ ಮೂರ್ನಾಲ್ಕು ವರ್ಷಗಳಲ್ಲೇ ಇದರ ರುಚಿ ಇರುವುದು. ಅದಕ್ಕಾಗಿ ನಾನು ಮಳಿಗೆ ಕಟ್ಟುವುದನ್ನು ಬೇಕೆಂದೇ ಮುಂದೂಡುತ್ತೇನೆ, ಅಂಗಿಯ ಗಂಟು ಕತ್ತೆಯ ಮೇಲೆ ಹೇರಿ ನಾನೇ ಊರೂರು ನಡೆಯುತ್ತೇನೆ.

ಹೊಸದಾಗಿ ಶುರುಮಾಡುವವರು ಜೊತೆಗಾರರನ್ನು ಕರೆದುಕೊಳ್ಳಿ. 2023ರ ಡಿಸೆಂಬರಿನಿಂದ ಆಕ್ಸ್‌ಬೋ ಎಂಬ ಹೊಸ ನಕ್ಷೆಯೂ, ನಾಲ್ವರು ಕೂಡಿ ಆಡುವ ಅನುಕೂಲವೂ ಬಂದಿದೆ. ನಾಲ್ವರೂ ನಾಲ್ಕು ಕೊಡಲಿ ಹಿಡಿದು ಕಾಡಿಗೆ ನುಗ್ಗಿದರೆ ಮೊದಲ ವಸಂತದ ಕಂದಾಯಕ್ಕೆ ಪರದಾಡುತ್ತೀರಿ. ಒಬ್ಬರು ಹೊಳೆದಂಡೆಯಲ್ಲಿ ಚೂರಿ ಮಾಡಲಿ, ಒಬ್ಬರು ಅಗಸಿಯ ಹೊಲ ನೋಡಲಿ, ಒಬ್ಬರು ಮನೆ ಕಟ್ಟಲಿ. ನಾಲ್ಕನೆಯವರು ವ್ಯಾಪಾರಕ್ಕೇ ಮೀಸಲಾಗಲಿ. ಯಾವ ಊರಿನ ಯಾವ ಅಂಗಡಿಯಲ್ಲಿ ಈ ಋತುವಿನ ನಾಣ್ಯ ಇನ್ನೂ ಉಳಿದಿದೆ ಎಂದು ಬಾಯಿಪಾಠ ಇಟ್ಟುಕೊಂಡವರನ್ನೇ ಆ ಕೆಲಸಕ್ಕೆ ಆರಿಸಿ.